ಮಾಗದ ಕಿಟ್ಟ

ನನ್ನ ಸೋದರಮಾವ ಕಲ್ಲಿಗೆ ನೀರು ಹಾಕಿ ಸಂಬಳ ತೆಗೆದುಕೊಳ್ಳುತ್ತಾನೆ. ಹೀಗೆ ಹೇಳಿದರೆ ಜನ ನನ್ನನ್ನೇ ಒಂಥರಾ ನೋಡುತ್ತಾರೆ, ಆದರೆ ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಉಕ್ಕಿನ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಮನೆಯೆತ್ತರದ ಬೂದುಗಪ್ಪು ರಾಶಿಗಳಿವೆ. ಅವುಗಳ ಮುಂದೆ ರಬ್ಬರ್ ಬೂಟು ಹಾಕಿಕೊಂಡು, ಪೈಪು ಹಿಡಿದುಕೊಂಡು, ಹೂವಿನ ಗಿಡಕ್ಕೆ ಹಾಕುವಷ್ಟೇ ಮುತುವರ್ಜಿಯಿಂದ ನೀರು ಬಿಡುತ್ತಾ ನಿಂತಿರುತ್ತಾನೆ. ದಾರಿಯಲ್ಲಿ ಹೋಗುವವರು ಬೇಲಿಯಾಚೆಯಿಂದ, “ಏನಣ್ಣಾ, ಈ ಸಲ ಫಸಲು ಹೆಂಗಿದೆ?” ಎಂದು ಕೂಗುವುದುಂಟು. “ಇನ್ನೂ ಕಾಯಿ ಕಣಪ್ಪಾ, ಹಣ್ಣಾದಾಗ ಕರೀತೀನಿ” ಎನ್ನುತ್ತಾನೆ ಮಾವ. ಊರವರು ಅವನಿಗೆ ‘ಕಲ್ಲುತೋಟದವನು’ ಎಂದು ಹೆಸರಿಟ್ಟಿದ್ದಾರೆ.

ಆ ರಾಶಿಗಳು ಕಿಟ್ಟದವು. ಉಕ್ಕು ಕಾಯಿಸುವಾಗ ಕುಲುಮೆಗೆ ಸುಣ್ಣ ಹಾಕುತ್ತಾರೆ. ಕಬ್ಬಿಣದಲ್ಲಿರುವ ಕೊಳೆಯನ್ನೆಲ್ಲ ಅದು ಎಳೆದುಕೊಂಡು ಹಾಲಿನ ಮೇಲೆ ಕೆನೆ ಕಟ್ಟಿದಂತೆ ತೇಲುತ್ತದೆ. ಅದನ್ನು ಬಸಿದು ಬಯಲಿಗೆ ಸುರಿದರೆ ಆರಿ ಕಲ್ಲಾಗುತ್ತದೆ. ಮೊದಲೆಲ್ಲ ಅದನ್ನು ಹೊಳೆ ದಂಡೆಗೆ ಒಯ್ದು ಸುರಿದು ಮರೆತುಬಿಡುತ್ತಿದ್ದರು. ಹಾಗೆ ಸುರಿದವರಲ್ಲಿ ಮಾವನೂ ಒಬ್ಬ. ಆಮೇಲೆ ಬಂದ ಒಬ್ಬ ಇಂಜಿನಿಯರಮ್ಮ, ಇದನ್ನು ಒಡೆದು ಜಲ್ಲಿ ಮಾಡಿದರೆ ಗುಡ್ಡ ಸಿಡಿಸುವುದು ಅಷ್ಟು ತಪ್ಪುತ್ತದೆ ಎಂದು ಹಟ ಹಿಡಿದು, ಒಡೆಯುವ ಯಂತ್ರ ತರಿಸಿ, ಶೆಡ್ಡು ಹಾಕಿಸಿ, ಮಾವನನ್ನು ಆ ಅಂಗಳಕ್ಕೆ ಉಸ್ತುವಾರಿ ಮಾಡಿದರು.

ಇದರಲ್ಲಿ ತೊಂದರೆ ಒಂದೇ. ಕಿಟ್ಟದೊಳಗೆ ಕರಗದೆ ಉಳಿದ ಸುಣ್ಣ ಇರುತ್ತದೆ. ನೀರು ಸೋಕಿದರೆ ಅದು ಅರಳುತ್ತದೆ, ಅರಳಿದರೆ ಊದುತ್ತದೆ. ಬಯಲಲ್ಲಿ ಊದಿದರೆ ಯಾರಿಗೂ ನಷ್ಟವಿಲ್ಲ. ಮನೆಯ ನೆಲದಡಿಯಲ್ಲಿ ಊದಿದರೆ ನೆಲವನ್ನೇ ಎತ್ತಿಬಿಡುತ್ತದೆ. ಆದ್ದರಿಂದ ಅದಕ್ಕೆ ನೀರುಣಿಸಿ, ಮಳೆಬಿಸಿಲಿಗೆ ಒಡ್ಡಿ, ಆಗಾಗ ಯಂತ್ರದಿಂದ ಮಗುಚಿ ಹಾಕಿ, ಊದುವುದೆಲ್ಲ ಊದಿ ಮುಗಿದ ಮೇಲೆಯೇ ಹೊರಗೆ ಕಳಿಸಬೇಕು. ಮಾವ ಇದನ್ನು ‘ಮಾಗೋದು’ ಎನ್ನುತ್ತಾನೆ. “ಸಿಟ್ಟೇನಿದ್ರೂ ತೌರಲ್ಲೇ ಕಾರ್ಕೊಂಡು ಹೋಗ್ಬೇಕು, ಅತ್ತೆ ಮನೆಗೆ ಹೋಗಿ ಕಾರ್ಬಾರ್ದು” ಎಂದು ನನ್ನ ಕಡೆ ನೋಡಿ ನಗುತ್ತಿದ್ದ. ನಾನು ಗಂಡನ ಮನೆ ಬಿಟ್ಟು ಬಂದವಳು. ಮಾತು ಯಾರಿಗೆ ಎಂದು ತಿಳಿಯದಷ್ಟು ದಡ್ಡಿಯೇನಲ್ಲ. ಆದರೆ ಮಾವ ಹಾಗೆ ಆಡಿದರೆ ಸಿಟ್ಟು ಬರುತ್ತಿರಲಿಲ್ಲ, ಆಗ.

ಜನರಿಗೆ ಕಿಟ್ಟದ ಮೇಲೆ ನಂಬಿಕೆ ಬರಲು ಬಹಳ ಕಾಲ ಹಿಡಿಯಿತು. ಕಾರ್ಖಾನೆಯ ಕಸ ತಂದು ಮನೆಗೆ ಹಾಕುತ್ತೀರಾ ಎಂದು ಮೂಗು ಮುರಿಯುತ್ತಿದ್ದರು. ಮಾವ ಒಬ್ಬೊಬ್ಬ ಗುತ್ತಿಗೆದಾರನ ಹಿಂದೆ ಅಲೆದ, ಮದುವೆಗೆ ಹೆಣ್ಣು ತೋರಿಸುವವನ ಹಾಗೆ ಜೇಬಿನಲ್ಲಿ ಕಿಟ್ಟದ ಚೂರು ಇಟ್ಟುಕೊಂಡು ತೋರಿಸಿದ. ಮೊದಲು ಒಂದು ರಸ್ತೆಗೆ ತೆಗೆದುಕೊಂಡರು. ರಸ್ತೆ ಬಾಳಿತು. ಆಮೇಲೆ ಬಸ್ ನಿಲ್ದಾಣದ ಅಂಗಳಕ್ಕೆ ಬಿತ್ತು, ಗೋದಾಮಿಗೆ ಬಿತ್ತು. ಮಾವನ ಮಾತಿಗೆ ಬೆಲೆ ಬಂತು. ಮಾಗದ ರಾಶಿಗೆ ಕೈ ಹಾಕಿದ ಲಾರಿಯನ್ನು, ಮೇಲಿನವರು ಫೋನು ಮಾಡಿದರೂ ಬಿಡದೆ, ಪೂರ್ತಿ ಖಾಲಿ ಮಾಡಿಸಿ ಕಳಿಸಿದವನು ಅವನು.

ಅಂಥವನು ತಪ್ಪು ಮಾಡಿದ್ದು ನಮ್ಮ ಮನೆಯ ವಿಷಯದಲ್ಲಿ.

ಅಮ್ಮನದು ಹೊಲಿಗೆ ಕೆಲಸ. ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ಕೂಡಿಟ್ಟು ಒಂದು ಮನೆ ಎಬ್ಬಿಸಿದಳು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ನಡುವೆ ಹೊಲಿಗೆ ಯಂತ್ರಗಳಿಗೆಂದೇ ಒಂದು ದೊಡ್ಡ ಕೋಣೆ. ಕಟ್ಟಿದ್ದು ಮಾವನ ಜೀವದ ಗೆಳೆಯ, ಮೇಸ್ತ್ರಿ. ಇಬ್ಬರೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ಮೇಸ್ತ್ರಿಗೆ ತಮ್ಮ ಕೈಮೇಲೆ ಇದ್ದ ಹೆಮ್ಮೆ ನೋಡಿದರೆ ಕೆಲವರಿಗೆ ಮೈ ಉರಿಯುತ್ತಿತ್ತು, ನನಗೆ ಖುಷಿಯಾಗುತ್ತಿತ್ತು. “ನಾನು ಹಾಕಿದ ನೆಲದ ಮೇಲೆ ಗೋಲಿ ಇಟ್ರೆ, ಎತ್ಲಾಗೆ ಹೋಗ್ಬೇಕು ಅಂತ ಅದಕ್ಕೇ ಗೊತ್ತಾಗಲ್ಲ” ಎನ್ನುತ್ತಿದ್ದರು. ಹಾಸಿದ ಟೈಲ್ಸನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಸದ್ದು ಮನಸ್ಸಿಗೆ ಬಾರದಿದ್ದರೆ ಕಿತ್ತು ಮತ್ತೆ ಹಾಕುತ್ತಿದ್ದರು. ಅವರ ಕಣ್ಣಿಗೂ ಸಮ ನೋಡುವ ರಸಮಟ್ಟಕ್ಕೂ ಜಗಳ ಬಂದರೆ, ತಪ್ಪು ರಸಮಟ್ಟದ್ದೇ ಇರುತ್ತಿತ್ತು.

ನೆಲದ ಕೆಳಗೆ ತುಂಬಿಸಲು ಮಾವ ಕಿಟ್ಟದ ಜಲ್ಲಿ ಕಳಿಸುವುದೆಂದು ಮಾತಾಗಿತ್ತು. ಮುಂದಿನ ಕೋಣೆಗೂ ಅಡುಗೆಮನೆಗೂ ಬಂದು ಬಿತ್ತು. ನಡುಕೋಣೆಯದ್ದು ಬಾಕಿ. ಅದಕ್ಕೆಂದು ತೆಗೆದಿಟ್ಟ ರಾಶಿಯ ಮುಂಭಾಗ ಚೆನ್ನಾಗಿ ಮಾಗಿತ್ತು. ಹಿಂಭಾಗ ಶೆಡ್ಡಿನ ಚಾವಣಿಯ ಅಡಿಗೆ ಸೇರಿಕೊಂಡಿತ್ತು. ಅಲ್ಲಿಗೆ ಮಳೆ ಬೀಳದು, ಮಾವನ ಪೈಪೂ ಮುಟ್ಟದು, ಅಷ್ಟು ಉದ್ದವಿರಲಿಲ್ಲ. ಮಗುಚಿ ಹಾಕುವ ಯಂತ್ರ ಕೆಟ್ಟು ರಿಪೇರಿಗೆ ಹೋಗಿತ್ತು. ಯಂತ್ರ ಬಂದ ಮೇಲೆ ಹಿಂದಿನದನ್ನು ಮುಂದಕ್ಕೆ ಎಳೆದು ನೀರುಣಿಸಬೇಕು, ಅಲ್ಲಿಯವರೆಗೆ ಮುಂದಿನ ಗೇಟಿನಿಂದಲೇ ಲಾರಿ ಬಿಡಬೇಕು, ಇದು ಮಾವನೇ ಮಾಡಿದ ಕಟ್ಟಪ್ಪಣೆ.

ನಡುಕೋಣೆಗೆ ಜಲ್ಲಿ ಹೋಗಬೇಕಾದ ದಿನ ಮುಂದಿನ ಗೇಟಿನ ರಸ್ತೆಯನ್ನು ಚರಂಡಿಗೆಂದು ಅಗೆದು ಹಾಕಿದ್ದರು. ಲಾರಿ ಹಿಂದಿನ ಗೇಟಿನಿಂದ ಬಂತು. ಮಾವ ನೋಡಿದ, ತಡೆಯಲು ಕೈಯನ್ನೂ ಎತ್ತಿದ. ಇನ್ನೊಂದು ಕೈಯಲ್ಲಿ ಫೋನು, ಫೋನಿನಲ್ಲಿ ನಮ್ಮಮ್ಮ: “ಲೋ, ಮೇಸ್ತ್ರಿ ಬೆಳಗ್ಗಿಂದ ಕೈ ಕಟ್ಕೊಂಡು ಕೂತಿದಾರೆ. ಊರಿಗೆಲ್ಲ ಕಳಿಸ್ತೀಯ, ಅಕ್ಕನ ಮನೆಗೆ ಕಳಿಸೋಕೆ ನಿನಗೆ ಪುರುಸೊತ್ತಿಲ್ವಾ?” ಅಷ್ಟರಲ್ಲಿ ಲಾರಿಯವನು ಇಳಿದು ಬಂದು, “ಈ ಕಡೇದು ಆಗಿದೆಯಾ ಅಣ್ಣಾ, ತುಂಬ್ಲಾ?” ಎಂದು ಕೇಳಿದ. ಮಾವ ಎತ್ತಿದ ಕೈ ಇಳಿಸಿ, “ನಮ್ಮಕ್ಕನ ಮನೆಗೆ ತಾನೆ, ತುಂಬು” ಎಂದ.

ಇದನ್ನು ಮಾವನೇ ನನಗೆ ಎಷ್ಟೋ ಸಲ ಹೇಳಿದ್ದಾನೆ, ಪ್ರತಿಸಲವೂ ಈ ಮಾತಿಗೆ ಬಂದು ನಿಲ್ಲುತ್ತಾನೆ. ಪರರ ಮನೆಗಾಗಿದ್ದರೆ ಲಾರಿ ಖಾಲಿ ಮಾಡಿಸುತ್ತಿದ್ದ. ನಮ್ಮದು ಎನ್ನುವ ಸಲಿಗೆಯಲ್ಲಿ ಬಿಟ್ಟ. ಹೊರಗಿನವರಿಗೆ ಬಿಸಿ ಅನ್ನ ಬಡಿಸಿ ಮನೆಯವರಿಗೆ ತಂಗಳು ಹಾಕುತ್ತೇವಲ್ಲ, ಅದೇ ಜಾತಿಯ ತಪ್ಪು. ಪ್ರೀತಿ ಇರುವ ಕಡೆಯಲ್ಲೇ ನಮ್ಮ ಜನಕ್ಕೆ ಉದಾಸೀನ ಹೆಚ್ಚು.

ಮನೆ ಮುಗಿಯಿತು. ನಡುಕೋಣೆಯ ಬಿಳಿ ಟೈಲ್ಸಿನ ನೆಲದ ಮೇಲೆ ಚಪ್ಪಲಿ ಹಾಕಿಕೊಂಡು ಬರಲು ಅಮ್ಮ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಮಳೆಗಾಲ ಸುಮ್ಮನೆ ಕಳೆಯಿತು. ಆಮೇಲೆ ಬಾಗಿಲು ನೆಲಕ್ಕೆ ತಾಗತೊಡಗಿತು. ಬಡಗಿ ಬಂದು ಕೆಳಗೆ ಉಜ್ಜಿ ಹೋದ. ಮತ್ತೆ ತಾಗಿತು, ಮತ್ತೆ ಉಜ್ಜಿದ. ಹೊಲಿಗೆ ಯಂತ್ರಗಳು ಕಾಲು ಕುಂಟತೊಡಗಿದವು. ಒಂದೊಂದರ ಕಾಲಿಗೂ ಬಟ್ಟೆ ಚೂರು ಮಡಿಸಿ ಇಟ್ಟೆವು. ಟೇಬಲ್ಲಿನಿಂದ ಬಿದ್ದ ದಾರದುಂಡೆ, ಯಾರೋ ಕರೆದ ಹಾಗೆ ತನ್ನಷ್ಟಕ್ಕೆ ಗೋಡೆಯ ಕಡೆ ಉರುಳಿ ಹೋಗುತ್ತಿತ್ತು. ಕಡೆಗೊಂದು ದಿನ ಕೋಣೆಯ ನಟ್ಟನಡುವೆ ನಾಲ್ಕಾರು ಟೈಲ್ಸು ಪಟ್ಟೆಂದು ಬಿರಿದು ಮೇಲೆದ್ದವು. ಬಸುರಿಯ ಹೊಟ್ಟೆಯ ಹಾಗೆ ನೆಲ ಉಬ್ಬಿತ್ತು.

ಅಮ್ಮ ಬೀದಿಗೆ ಕೇಳುವಂತೆ ಮೇಸ್ತ್ರಿಯನ್ನು ಬೈದಳು. “ಗೋಲಿ ಎತ್ಲಾಗೂ ಹೋಗಲ್ಲ ಅಂತಿದ್ರಲ್ಲ ಮೇಸ್ತ್ರಿ, ಬನ್ನಿ, ಗೋಲಿ ಬೇಡ, ಗುಡ್ಡದ ಮೇಲಿಂದ ಮಕ್ಕಳು ಜಾರೋ ಹಾಗಾಗಿದೆ! ಕೆಳಗಡೆ ಸರಿಯಾಗಿ ಬಡಿದು ಗಟ್ಟಿ ಮಾಡಿಲ್ಲ ನೀವು.” ಮೇಸ್ತ್ರಿ ಮಂಡಿಯೂರಿ ಕೂತು ನೆಲದ ಮೇಲೆ ಅಂಗೈ ಆಡಿಸಿದರು. ಬಡಿಯದಿದ್ದರೆ ನೆಲ ಕುಸಿಯಬೇಕು, ಇದು ಏಳುತ್ತಿದೆಯಲ್ಲ ಎಂದು ಮೆಲ್ಲಗೆ ಹೇಳಿದರು. ಅಮ್ಮ ಬಿಡುತ್ತಾಳೆಯೇ? “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಡೊಂಕು ಮಾಡಿದೋರೇ ಕಾರಣ ಕೇಳ್ತಿದಾರೆ!” ಮೇಸ್ತ್ರಿ ನನ್ನ ಕೈಯಿಂದಲೇ ಸರಿ ಮಾಡಿಕೊಡುತ್ತೇನೆ, ಕೂಲಿ ಬೇಡ ಎಂದರು.

ಮಾವ ಅವತ್ತು ಬಂದಿದ್ದ. ಉಬ್ಬು ನೋಡಿದ ಕ್ಷಣವೇ ಅವನಿಗೆ ತಿಳಿಯಿತು. ತಿಳಿಯದಿರಲು ಹೇಗೆ ಸಾಧ್ಯ? ಅವನ ಬದುಕೆಲ್ಲ ಅದೇ ಕೆಲಸ. ಮೇಸ್ತ್ರಿ ಟೈಲ್ಸು ಎಬ್ಬಿಸಿ, ಕೆಳಗಿನ ಕಾಂಕ್ರೀಟಿನ ಪದರ ಒಡೆಯುತ್ತಾ, “ಪೂರ್ತಿ ಅಗೆದು ಜಲ್ಲೀನೂ ನೋಡ್ಬಿಡೋಣ ಕಣೋ” ಎಂದು ಹಾರೆಗೆ ಕೈ ಹಾಕಿದರು. ಮಾವ ಅವರ ತೋಳು ಹಿಡಿದುಕೊಂಡ. “ಬೇಡ. ಕೆಳಗಿಂದು ಗಟ್ಟಿ ಇದೆ, ಮುಟ್ಬೇಡ. ನಾನೇ ನೋಡಿ ಕಳಿಸಿದ ಮಾಲು ಅದು” ಎಂದ. ಮೇಸ್ತ್ರಿ ಹಾರೆ ಕೆಳಗಿಟ್ಟರು. ಮೇಲಿನದನ್ನಷ್ಟೇ ಕೆತ್ತಿ, ಸಮ ಮಾಡಿ, ಹೊಸ ಟೈಲ್ಸು ಹಾಕಿದರು. ಗೆಳೆಯನ ಮಾತಿನ ಮೇಲೆ ಅವರು ಎರಡನೆಯ ಪ್ರಶ್ನೆ ಕೇಳಲಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿ. ಲಾರಿಯದ್ದು ಒಂದು ಗಳಿಗೆಯ ಉದಾಸೀನ, ಅದನ್ನು ಕ್ಷಮಿಸಬಹುದು. ತೋಳು ಹಿಡಿದದ್ದು ಹಾಗಲ್ಲ. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಕೇಳಿದಾಗ ಮಾವ ದೊಡ್ಡ ಕಾರಣ ಕೊಟ್ಟ. ಒಂದು ನೆಲ ಉಬ್ಬಿದ್ದು ಕಿಟ್ಟದಿಂದ ಅಂತ ಗೊತ್ತಾದರೆ ಊರಲ್ಲಿ ಒಬ್ಬರೂ ಮುಟ್ಟುವುದಿಲ್ಲ, ಅಂಗಳ ಮುಚ್ಚುತ್ತದೆ, ಅಲ್ಲಿ ದುಡಿಯುವ ಹೆಂಗಸರ ಕೆಲಸ ಹೋಗುತ್ತದೆ, ಕಿಟ್ಟ ಮತ್ತೆ ಹೊಳೆ ಸೇರುತ್ತದೆ, ಗುಡ್ಡಕ್ಕೆ ಮತ್ತೆ ಮದ್ದಿಡುತ್ತಾರೆ. ಎಲ್ಲ ನಿಜವೇ ಇರಬಹುದು. ಆದರೆ ಅವತ್ತು ತೋಳು ಹಿಡಿದಾಗ ಅವನ ತಲೆಯಲ್ಲಿ ಹೊಳೆಯೂ ಇರಲಿಲ್ಲ, ಗುಡ್ಡವೂ ಇರಲಿಲ್ಲ. ಅಕ್ಕನ ಎದುರು ಮುಖ ಸಣ್ಣದಾಗುತ್ತದೆ ಎಂಬ ನಾಚಿಕೆ ಇತ್ತು. ಹೀಗೆಂದು ಮುಖಕ್ಕೇ ಹೇಳಿದೆ. ಅವನು ಇಲ್ಲ ಎನ್ನಲಿಲ್ಲ.

ನೆಲ ಮತ್ತೆ ಎದ್ದಿತು. ಈ ಸಲ ಅಮ್ಮ ಬೈಯಲೂ ಇಲ್ಲ. ಮೇಸ್ತ್ರಿ ಬಾಗಿಲಲ್ಲೇ ನಿಂತು ನೋಡಿ, ಒಳಗೆ ಬರದೆ ಹೊರಟುಹೋದರು. ಅಮ್ಮ ಬೇರೆ ಯಾರನ್ನೋ ಕರೆಸಿ ಉಬ್ಬನ್ನು ಕೆತ್ತಿಸಿ, ಮೇಲೆ ಸಿಮೆಂಟು ಸುರಿಸಿ, ಮತ್ತೆ ಟೈಲ್ಸು ಹಾಕಿಸಿ, ಹೇಗೋ ಒಂದು ಸಮ ಮಾಡಿಸಿಕೊಂಡಳು.

ಮೇಸ್ತ್ರಿಗೆ ಊರಲ್ಲಿ ಹೆಸರು ಕೆಟ್ಟಿತು ಎನ್ನುವುದು ಸಣ್ಣ ಮಾತು. ಕೆಟ್ಟ ಹೆಸರು ಎಷ್ಟು ದಿನ ಇರುತ್ತದೆ? ಅವರಿಗೆ ತಮ್ಮ ಕೈಮೇಲೆಯೇ ನಂಬಿಕೆ ಹೋಯಿತು. ಮುಂದಿನ ಕೆಲಸದಲ್ಲಿ ಒಂದೊಂದು ಸಾಲು ಇಟ್ಟಿಗೆಗೂ ರಸಮಟ್ಟ ಇಟ್ಟು, ತೂಗುಗುಂಡು ಬಿಟ್ಟು, ಆಮೇಲೂ ಸಾಲದೆ ಆಳುಗಳನ್ನು ಕರೆದು “ನೆಟ್ಟಗಿದೆಯಾ ನೋಡ್ರೋ” ಎಂದು ಕೇಳುತ್ತಿದ್ದರಂತೆ. ಹಗಲೆಲ್ಲ ಕಟ್ಟಿದ ಗೋಡೆಯನ್ನು ಸಂಜೆ ತಾವೇ ಕೆಡವಿದರಂತೆ. ಮನೆ ಯಜಮಾನ ರೋಸಿಹೋಗಿ ಬೇರೆಯವರನ್ನು ಇಟ್ಟುಕೊಂಡ. ಕಣ್ಣು ಮಂದವಾಗಿದೆಯೇನೋ ಎಂದು ಕಣ್ಣಿನ ಡಾಕ್ಟರಿಗೂ ತೋರಿಸಿದರು. ಕಣ್ಣಿಗೇನೂ ಆಗಿಲ್ಲ ಎಂದು ಡಾಕ್ಟರು ಹೇಳಿದ್ದು ಇನ್ನೂ ಕೆಡುಕಾಯಿತು. ಕಣ್ಣು ಸರಿ ಇದ್ದರೆ ಕೆಟ್ಟಿರುವುದು ಕೈಯೇ ಅಲ್ಲವೇ? ಕೊನೆಗೆ ಕರಣೆ ಎತ್ತಿಟ್ಟು, ಒಂದು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಸ್ಟೂಲು ಹಾಕಿಕೊಂಡು ಬೈಕುಗಳಿಗೆ ಟೋಕನ್ನು ಕೊಡುವ ಕೆಲಸಕ್ಕೆ ಸೇರಿಕೊಂಡರು.

ಅವರ ಹೆಂಡತಿ ರವಿಕೆ ಹೊಲಿಸಲು ನಮ್ಮಲ್ಲಿಗೇ ಬರುತ್ತಿದ್ದರು. ಅಳತೆ ಕೊಡುತ್ತಾ ಒಂದು ದಿನ, “ಊಟಕ್ಕೆ ಕೂತ್ರೆ ತಟ್ಟೆ ಇಡೋಕ್ಮುಂಚೆ ನೆಲದ ಮೇಲೆ ಕೈ ಇಟ್ಟು ನೋಡ್ತಾರೆ ಕಣಮ್ಮಾ, ಸಮ ಇದೆಯಾ ಅಂತ. ಅದು ಅವರೇ ಹಾಕಿದ ನೆಲ” ಎಂದರು. ಅಮ್ಮ ಅಳತೆ ತಪ್ಪಿ ಮತ್ತೆ ಮೊದಲಿಂದ ಟೇಪು ಹಿಡಿದಳು. ಒಳಗೆ ನೀರು ಕುಡಿಯುತ್ತಿದ್ದ ಮಾವ ಲೋಟ ಕೆಳಗಿಟ್ಟು ಹಿತ್ತಿಲ ಬಾಗಿಲಿನಿಂದ ಹೋಗಿಬಿಟ್ಟ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಮಾವನ ಸ್ಥಿತಿ ಅದೇ. ಯಾರಾದರೂ ‘ಮೇಸ್ತ್ರಿ’ ಎಂದರೆ ಸಾಕು, ಎದ್ದು ಹೊರಡುತ್ತಿದ್ದ. ನಮ್ಮಲ್ಲಿ ಊಟ ಮಾಡುವುದನ್ನು ಬಿಟ್ಟ. ಬಂದರೆ ನಲ್ಲಿ ಸೋರುತ್ತಿದೆ, ಫ್ಯಾನು ಕಿರುಗುಟ್ಟುತ್ತಿದೆ ಎಂದು ಕೇಳದ ರಿಪೇರಿಯನ್ನೆಲ್ಲ ಮಾಡುತ್ತಿದ್ದ. ನಡುಕೋಣೆಯಲ್ಲಿ ಮಾತ್ರ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದ. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡವನ ಹಾಗಿದ್ದ, ನುಂಗಲೂ ಆಗದು, ಉಗುಳಲೂ ಆಗದು. ನಾನೇ ಒಂದು ದಿನ ಕೂರಿಸಿಕೊಂಡು, “ಏನು ಮಾವ, ಏನು ನುಂಗಿದೀಯ ಹೇಳು” ಎಂದೆ. ಆಗ ಹೇಳಿದ, ಮೊದಲಿಂದ ಕೊನೆಯವರೆಗೆ. ನಾನು ಸಮಾಧಾನ ಮಾಡಲಿಲ್ಲ. “ನನ್ನ ಹತ್ರ ಹೇಳಿ ಏನುಪಯೋಗ? ಹೇಳ್ಬೇಕಾದೋರು ಆಸ್ಪತ್ರೆ ಮುಂದೆ ಸ್ಟೂಲ್ ಮೇಲೆ ಕೂತಿದಾರೆ” ಎಂದೆ.

ಹೋದ. ಹೋಗಲು ಅವನಿಗೆ ವಾರಗಳೇ ಬೇಕಾದವು, ಆದರೂ ಹೋದ. ಗಾಡಿ ಇಲ್ಲದ ಮನುಷ್ಯ ಪಾರ್ಕಿಂಗಿಗೆ ಹೋಗಿ ಗೆಳೆಯನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಹಿಂದಿನ ಗೇಟು, ಚಾವಣಿ, ಲಾರಿ, ತೋಳು ಹಿಡಿದದ್ದು ಎಲ್ಲ ಹೇಳಿದ. ಮೇಸ್ತ್ರಿ ಬೈಕುಗಳಿಗೆ ಟೋಕನ್ನು ಕೊಡುತ್ತಲೇ ಕೇಳಿದರು. ಕೇಳಿ, ಮಾವನ ಬೆನ್ನ ಮೇಲೆ ಕೈಯಿಟ್ಟು ನಕ್ಕರು.

“ನೀನು ದೊಡ್ಡ ಮನುಷ್ಯ ಕಣೋ” ಎಂದರು. “ನನ್ನ ಮೇಲಿನ ಅಪವಾದಾನ ನಿನ್ನ ತಲೆಗೆ ಕಟ್ಕೊಳಕ್ಕೆ ಬಂದಿದೀಯ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ.”

“ಸುಳ್ಳಲ್ಲ ಕಣೋ. ನಿನ್ನಾಣೆ.”

“ಅವತ್ತು ನೀನೇ ಅಂದೆ, ಕೆಳಗಿಂದು ಗಟ್ಟಿ ಇದೆ ಅಂತ. ಮೇಲಿನೋರು ಫೋನ್ ಮಾಡಿದ್ರೂ ಲಾರಿ ಬಿಡದೋನು ನೀನು. ಸ್ವಂತ ಅಕ್ಕನ ಮನೆಗೆ ಹಸಿ ಮಾಲು ಹಾಕ್ತೀಯಾ? ನನ್ನ ಕೈ ಹೋಗಿದೆ, ಅಷ್ಟೆ. ನಾನು ಒಪ್ಕೊಂಡಾಯ್ತು, ನೀನ್ಯಾಕೆ ಕೊರಗ್ತೀಯ?”

ಎಷ್ಟು ಹೇಳಿದರೂ ಒಪ್ಪಲಿಲ್ಲ. ಮಾವ ಹೇಳಿದಷ್ಟೂ ಅವರ ಕಣ್ಣಲ್ಲಿ ಮಾವ ದೊಡ್ಡವನಾಗುತ್ತಾ ಹೋದ. ಅಷ್ಟಕ್ಕೇ ನಿಲ್ಲಲಿಲ್ಲ. ಇಂಥ ಗೆಳೆಯ ಯಾರಿಗುಂಟು ಎಂದು ಆಸ್ಪತ್ರೆಗೆ ಬರುವವರ ಹತ್ತಿರವೆಲ್ಲ ಹೇಳಿಕೊಂಡರು. ಮಾತು ಟೀ ಅಂಗಡಿಗೆ ಬಂತು. ಟೀ ಅಂಗಡಿಯವನು ಮಾವನಿಗೆ ಎದ್ದು ನಿಂತು ಟೀ ಕೊಟ್ಟನಂತೆ. ಮಾವ ಆ ಟೀ ಕುಡಿಯಲಾರದೆ ಅಲ್ಲೇ ಬಿಟ್ಟು ನೆಟ್ಟಗೆ ನಮ್ಮ ಮನೆಗೆ ಬಂದು ಅಮ್ಮನ ಮುಂದೆ ನಿಂತ.

“ಅಕ್ಕಾ, ನಡುಕೋಣೆ ನೆಲ ಒಡೀಬೇಕು. ಅವನಿಗೆ ತೋರಿಸ್ಬೇಕು.”

ಅಮ್ಮನಿಗೆ ಎಲ್ಲ ಹೇಳಿದ. ಅಮ್ಮ ಕತ್ತರಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಕೇಳಿದಳು. ಸಿಟ್ಟಿನಿಂದ ಅವಳ ಮುಖ ಕೆಂಪಾಯಿತು. ಆದರೆ ಅವಳು ಅಂದದ್ದು ಬೇರೆ. “ಆಗಿದ್ದು ಆಯ್ತು. ಈಗ ನೆಲ ಹೇಗೋ ನಿಂತಿದೆ. ಶಾಲೆ ಶುರುವಾಗೋ ಹೊತ್ತು, ಬಟ್ಟೆ ಎಲ್ಲಾ ಹರಡಿದೆ. ಅವರಿಗೂ ಒಂದು ಕೆಲಸ ಅಂತ ಇದೆ, ನೆರಳಲ್ಲಿ ಕೂತಿದಾರೆ. ಈಗ ಒಡೆದು ಯಾರಿಗೇನು ಬಂತು?” ಒಡೆದರೆ ತಾನು ಬೀದಿಯಲ್ಲಿ ಕೂಗಿದ ಮಾತುಗಳನ್ನೂ ಎದುರಿಸಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಮ್ಮನಂತೆ ಅಕ್ಕ, ಇಬ್ಬರದೂ ಒಂದೇ ರಕ್ತ.

ಮಾವ ನಡುಕೋಣೆಗೆ ಹೋಗಿ ಹೊಲಿಗೆ ಯಂತ್ರಗಳನ್ನು ಒಂದೊಂದಾಗಿ ಎತ್ತಿ ಮುಂದಿನ ಕೋಣೆಗೆ ಸಾಗಿಸತೊಡಗಿದ. ಅಮ್ಮ ನೋಡುತ್ತಾ ನಿಂತಿದ್ದವಳು, ಕಡೆಗೆ ತಾನೇ ಬಂದು ಬಟ್ಟೆಯ ಗಂಟುಗಳನ್ನು ಹೊತ್ತಳು. “ಕರ್ಕೊಂಡ್ ಬಾ ಹೋಗೆ ಅವರನ್ನ” ಎಂದು ನನಗೆ ಹೇಳಿದಳು. “ನಾನು ಕರೀತಿದೀನಿ ಅನ್ನು.”

ಮೇಸ್ತ್ರಿ ಬಂದಾಗ ಮಾವ ಹಾರೆ ಹಿಡಿದು ಕೋಣೆಯ ನಡುವೆ ನಿಂತಿದ್ದ. “ಏಯ್, ಏನ್ ಮಾಡ್ತಿದೀಯ? ಒಡೀಬೇಡ, ಅಕ್ಕನ ಮನೆ ಅದು” ಎಂದು ಮೇಸ್ತ್ರಿ ಓಡಿ ಬರುವಷ್ಟರಲ್ಲಿ ಹಾರೆ ಬಿದ್ದಿತ್ತು. ಟೈಲ್ಸು ಒಡೆಯಿತು. ಸಿಮೆಂಟು ಒಡೆಯಿತು. ಮೇಸ್ತ್ರಿ ಬಾಗಿಲ ಬಳಿಯೇ ನಿಂತರು. ಮಾವ ಬೆವರಿಳಿಸುತ್ತಾ, ಉಸಿರು ಕಟ್ಟುತ್ತಾ ಒಡೆದ.  ಕಾಂಕ್ರೀಟಿನ ಪದರ ತೆಗೆದಾಗ ಕೆಳಗಿನ ಜಲ್ಲಿ ಕಾಣಿಸಿತು. ಬೂದುಗಪ್ಪಿಗೆ ಇರಬೇಕಾದ ಕಲ್ಲುಗಳ ನಡುವೆ ಎಲ್ಲೆಲ್ಲೂ ಬಿಳಿ ಪುಡಿ. ಕಲ್ಲುಗಳು ಬಿರಿದು ಬಾಯಿ ಬಿಟ್ಟಿದ್ದವು.

ಮೇಸ್ತ್ರಿ ನಿಧಾನವಾಗಿ ಬಂದು ಕೂತರು. ಒಂದು ಹಿಡಿ ತೆಗೆದುಕೊಂಡು ಬೆರಳಲ್ಲಿ ಉಜ್ಜಿದರು. ಸಿಮೆಂಟು ಬರುವ ಮೊದಲು ಸುಣ್ಣದ ಗಾರೆಯಲ್ಲಿ ಕಟ್ಟುತ್ತಿದ್ದವರ ಮಗ ಅವರು, ಸುಣ್ಣ ಅವರಿಗೆ ಹೊಸದಲ್ಲ. ಇನ್ನೂ ಗಟ್ಟಿಯಿದ್ದ ಒಂದು ಚೂರು ಆರಿಸಿ, ಮಾವನಿಗೆಂದು ನಾನು ತಂದಿದ್ದ ನೀರಿನ ಚೊಂಬು ತೆಗೆದುಕೊಂಡು, ನೀರು ಚಿಮುಕಿಸಿ ಅಂಗೈಯಲ್ಲಿ ಹಿಡಿದು ಕಾದರು.  ಸ್ವಲ್ಪ ಹೊತ್ತಿಗೆ ಚೂರು ಮೆಲ್ಲಗೆ ಚಿಟಿಚಿಟಿ ಎಂದು ಬಿರುಕು ಬಿಟ್ಟಿತು.

“ಅರಳ್ತಿದೆ” ಎಂದರು.

ಕೈ ಕೊಡವಿ, ಎರಡೂ ಅಂಗೈಗಳನ್ನು ಮುಂದೆ ಚಾಚಿ ನೋಡಿಕೊಂಡರು, ಹಿಂದೆ ಮುಂದೆ ತಿರುಗಿಸಿ.   ಆಮೇಲೆ ಮಾವನ ಕಡೆ ತಿರುಗಿದರು.

“ಲಾರಿ ಹೋದಾಗ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಹಾರೆ ಎತ್ತಿದಾಗ?”

ಮಾವ ಹೌದೆಂದು ತಲೆಯಾಡಿಸಿದ.

“ನಾನು ಸ್ಟೂಲ್ ಮೇಲೆ ಕೂತಾಗಲೂ ಗೊತ್ತಿತ್ತು” ಎಂದರು ಮೇಸ್ತ್ರಿ. ಅದು ಪ್ರಶ್ನೆಯಾಗಿರಲಿಲ್ಲ. ಪಾರ್ಕಿಂಗಿನಲ್ಲಿ ಮೇಸ್ತ್ರಿ ನಕ್ಕು ಬೆನ್ನ ಮೇಲೆ ಇಟ್ಟ ಆ ಕೈಯನ್ನು ಮಾವ ಅವತ್ತು ಒಪ್ಪಿಕೊಂಡು ಸುಮ್ಮನೆ ಇದ್ದುಬಿಡಬಹುದಿತ್ತು. ಊರೇ ಹೊಗಳುತ್ತಿತ್ತು, ಗೆಳೆಯ ಸಾಯುವವರೆಗೂ ಗೆಳೆಯನಾಗಿ ಇರುತ್ತಿದ್ದ. ಅದನ್ನೆಲ್ಲ ಅವನೇ ಹಾರೆ ಹಾಕಿ ಒಡೆದ. ನನಗೆ ಅವನ ಮೇಲೆ ಎಷ್ಟೇ ಸಿಟ್ಟಿದ್ದರೂ ಇದೊಂದನ್ನು ಹೇಳದಿರಲಾರೆ.

ಮೇಸ್ತ್ರಿ ಎದ್ದು ಅಮ್ಮನ ಹತ್ತಿರ ಮಾತಾಡಿದರು, ಮಾವನ ಕಡೆ ನೋಡಲಿಲ್ಲ. “ಅಕ್ಕಾ, ಇದನ್ನೆಲ್ಲ ತಳದಿಂದ ತೆಗೀಬೇಕು. ನಾಳೆ ಬರ್ತೀನಿ.”

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನಾನು ಬೀದೀಲಿ ನಿಂತು ಅಂದಿದ್ದು...” ಎಂದು ಶುರು ಮಾಡಿದಳು.

“ಬಿಡಿ ಅಕ್ಕಾ, ಉಬ್ಬಿದ ನೆಲ ನೋಡಿ ಅಂದ್ರಿ. ಗೊತ್ತಿದ್ದು ಅನ್ಲಿಲ್ವಲ್ಲ.”

“ಈ ಸಲ ಗುಡ್ಡದ ಜಲ್ಲೀನೇ ತರಿಸೋಣ ಮೇಸ್ತ್ರಿ. ಈ ಕಿಟ್ಟದ ಸಹವಾಸ ಬೇಡ.”

“ಯಾಕೆ?” ಎಂದರು ಮೇಸ್ತ್ರಿ. “ಮುಂದಿನ ಕೋಣೇದೂ ಅಡುಗೆಮನೇದೂ ಕಿಟ್ಟವೇ ಅಲ್ವಾ, ಒಂದು ಕೂದಲಷ್ಟು ಅಲ್ಲಾಡಿದೆಯಾ? ಕಲ್ಲಿನ ಮೇಲೆ ನನಗೆ ಸಿಟ್ಟಿಲ್ಲ. ಮಾಗಿದ್ದನ್ನ ಕಳಿಸಕ್ಕೆ ಹೇಳಿ.” ಬಾಗಿಲವರೆಗೆ ಹೋಗಿ ನಿಂತರು. “ನಾನು ಕೆಲಸ ಮಾಡೋವಾಗ ಇವನು ಈ ಮನೆ ಒಳಗೆ ಇರ್ಬಾರ್ದು.”

ಮಾವ ಕಾರ್ಖಾನೆಗೆ ಹೋಗಿ ಇಂಜಿನಿಯರಮ್ಮನಿಗೂ ಹೇಳಿದ. ಅಂಗಳ ಮುಚ್ಚಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ, ಕಿಟ್ಟ ಹೊಳೆಗೂ ಹೋಗಲಿಲ್ಲ. ಆ ಶೆಡ್ಡಿನಡಿಯಿಂದ ಬೇರೆಲ್ಲಿಗೂ ಮಾಲು ಹೋಗಿಲ್ಲವೆಂದು ಅವರು ವಿಚಾರಿಸಿ ತಿಳಿದುಕೊಂಡರು. ಅವನ ಉಸ್ತುವಾರಿ ಕಿತ್ತು ನೀರು ಹಾಕುವ ಕೆಲಸಕ್ಕಷ್ಟೇ ಇಟ್ಟರು. ಹಿಂಭಾಗದವರೆಗೆ ಮುಟ್ಟುವ ಉದ್ದದ ಪೈಪು ತರಿಸಿದರು. ಅಷ್ಟು ವರ್ಷ ಅವನು ಎದೆಯ ಮೇಲೆ ಇಟ್ಟುಕೊಂಡಿದ್ದ ದೊಡ್ಡ ದೊಡ್ಡ ಭಯಗಳಲ್ಲಿ ಒಂದೂ ನಿಜವಾಗಲಿಲ್ಲ. ಇದೇ ಅವನಿಗೆ ತಡೆಯಲಾಗದ್ದು. “ಅವತ್ತೇ ಹೇಳಿದ್ರೂ ಇಷ್ಟೇ ಆಗ್ತಿತ್ತು” ಎಂದು ನನ್ನ ಹತ್ತಿರ ಅಂದ. ನಾನು ಹೌದು ಎಂದೆ. 

ಮೇಸ್ತ್ರಿ ಆಸ್ಪತ್ರೆಯ ಕೆಲಸ ಬಿಟ್ಟು ಬಂದು ನಮ್ಮ ನೆಲ ಅಗೆದರು, ತುಂಬಿದರು, ಬಡಿದರು. ಮೊದಲ ದಿನ ಎಲ್ಲದಕ್ಕೂ ಎರಡೆರಡು ಸಲ ರಸಮಟ್ಟ ಇಡುತ್ತಿದ್ದರು. ಬರಬರುತ್ತಾ ಅದನ್ನು ಕಿಟಕಿಯ ಮೇಲಿಟ್ಟು ಮರೆತರು. ಮಾವ ದಿನವೂ ಕೆಲಸ ಬಿಟ್ಟ ಮೇಲೆ ಬಂದು ಎದುರು ಬದಿಯ ಕಟ್ಟೆಯ ಮೇಲೆ ಕೂರುತ್ತಿದ್ದ, ಒಳಗಿನ ಸದ್ದು ಕೇಳುತ್ತಾ. ನಾನು ಟೀ ಒಯ್ದು ಕೊಟ್ಟರೆ, “ಹೆಂಗೆ ಬರ್ತಿದೆ?” ಎನ್ನುತ್ತಿದ್ದ. “ಚೆನ್ನಾಗಿ ಬರ್ತಿದೆ” ಎಂದರೆ ತಲೆಯಾಡಿಸಿ ಟೀ ಕುಡಿಯುತ್ತಿದ್ದ.

ಈಗ ಮೇಸ್ತ್ರಿಗೆ ಕೈ ತುಂಬ ಕೆಲಸ. ತಪ್ಪು ಅವರದಲ್ಲ ಎಂದು ತಿಳಿದ ಮೇಲೆ ಊರಲ್ಲಿ ಮೂಲೆ ಮೂಲೆಗೂ ಕರೆಯುತ್ತಾರೆ. ಕಿಟ್ಟದ ಜಲ್ಲಿಯನ್ನೇ ತರಿಸುತ್ತಾರೆ. ಅಂಗಳಕ್ಕೆ ತಾವೇ ಹೋಗಿ, ರಾಶಿಯ ಹಿಂದೆ ಮುಂದೆ ಸುತ್ತಿ, ಆರಿಸಿ ತುಂಬಿಸಿಕೊಂಡು ಬರುತ್ತಾರೆ. ಅಲ್ಲೇ ಪೈಪು ಹಿಡಿದು ನಿಂತ ಮಾವನ ಪಕ್ಕದಲ್ಲೇ ಹಾದುಹೋದರೂ ಮಾತಾಡುವುದಿಲ್ಲ. ನಮ್ಮ ನೆಲದ ಕೆಲಸ ಮುಗಿದು ಎಷ್ಟೋ ಕಾಲವಾಯಿತು. ಒಳಗೆ ಬಾರೋ ಎಂದು ಅಮ್ಮ ಪ್ರತಿಸಲ ಕರೆಯುತ್ತಾಳೆ. ಮಾವ ಮೆಟ್ಟಿಲ ಮೇಲೆಯೇ ಕೂತು, ಚಪ್ಪಲಿಯನ್ನೂ ಬಿಚ್ಚದೆ, “ಅವನು ಬರ್ಬಾರ್ದು ಅಂದಿದಾನೆ” ಎನ್ನುತ್ತಾನೆ.

“ಕೆಲಸ ಮಾಡೋವಾಗ ಅಂದಿದ್ದು ಕಣೋ” ಎನ್ನುತ್ತಾಳೆ ಅಮ್ಮ.

“ಮುಗೀತು ಅಂತ ಅವನೇ ಹೇಳ್ಲಿ” ಎನ್ನುತ್ತಾನೆ ಮಾವ. ಮೇಸ್ತ್ರಿ ಇನ್ನೂ ಹೇಳಿಲ್ಲ.